ಹತ್ತು ಜನ ಅವರೆಕಾಯಿ ಸುಲಿದರೆ ಸಾರು ಬೇಗ ಕುದಿಯುತ್ತದೆಯೇ?

ಪುಟಾಣಿಗಳೇ, ಅವರ ಪಕ್ಕದಲ್ಲಿ ಕೂತು ಈ ಪುಟ ಓದುವ ಅಜ್ಜ ಅಜ್ಜಿಯರೇ,

ಈ ವಾರ ನಾನು ಉತ್ತರಿಸಬೇಕಾಗಿರುವುದು ಒಬ್ಬ ಅಜ್ಜನ ಪ್ರಶ್ನೆಗೆ. ಪಿಂಚಣಿಯಲ್ಲಿ ಉಳಿಸಿದ ಹಣದಿಂದ ಮೊಮ್ಮಗನಿಗೆ ಕಂಪ್ಯೂಟರ್ ಕೊಡಿಸಬೇಕೆಂದು ಅವರ ಆಸೆ. ಅಂಗಡಿಯಲ್ಲಿ ಆರು ಕೋರಿನದೂ ಇದೆ, ಹದಿನಾರು ಕೋರಿನದೂ ಇದೆ. ಎರಡನೆಯದರ ಬೆಲೆ ಕೇಳಿದರೆ ಎದೆ ಝಲ್ ಎನ್ನುತ್ತದಂತೆ. ಆದರೆ ಮೊಮ್ಮಗನ ವಾದ ಒಂದೇ: "ಕೋರ್ ಹೆಚ್ಚಿದ್ದಷ್ಟೂ ಗೇಮ್ ಜೋರಾಗಿ ಓಡುತ್ತದೆ ತಾತಾ!" ಇದು ನಿಜವೇ ಎಂದು ಅಜ್ಜ ಕೇಳುತ್ತಿದ್ದಾರೆ.

ಮೊಮ್ಮಗನ ಮಾತು ಅರ್ಧ ನಿಜ. ಉಳಿದರ್ಧ ಏನೆಂದು ತಿಳಿಯಲು ಮೊದಲು ಅಡುಗೆಮನೆಗೆ ಹೋಗೋಣ ಬನ್ನಿ.

ಮೊರದ ತುಂಬ ಅವರೆಕಾಯಿ ಇದೆ. ಅಜ್ಜಿ ಒಬ್ಬರೇ ಸುಲಿದರೆ 40 ನಿಮಿಷ. ಆಮೇಲೆ ಕಾಳು ಬೇಯಿಸಿ, ಮಸಾಲೆ ಹಾಕಿ, ಸಾರು ಕುದಿಸಿ ಇಳಿಸಲು 20 ನಿಮಿಷ. ಒಟ್ಟು ಒಂದು ಗಂಟೆ. ಈಗ ಸುಲಿಯಲು ನಾಲ್ಕು ಜನ ಕೂತರು ಅನ್ನಿ. ಸುಲಿಯುವ ಕೆಲಸ 10 ನಿಮಿಷದಲ್ಲಿ ಮುಗಿಯಿತು. ಆದರೆ ಸಾರಿಗೆ ಮತ್ತೆ ಅದೇ 20 ನಿಮಿಷ. ಒಟ್ಟು 30 ನಿಮಿಷ. ಬೀದಿಯವರನ್ನೆಲ್ಲ ಕರೆದು 40 ಜನರನ್ನು ಕೂರಿಸಿದರೆ? ಸುಲಿಯಲು ಒಂದೇ ನಿಮಿಷ, ಸಾರಿಗೆ 20. ಒಟ್ಟು 21. ಕೆಲಸಗಾರರು ಹತ್ತು ಪಟ್ಟಾದರೂ ಉಳಿದದ್ದು ಒಂಬತ್ತೇ ನಿಮಿಷ! ಏಕೆಂದರೆ ಕಾಳು ಬೇಯದೆ ಮಸಾಲೆ ಹಾಕುವಂತಿಲ್ಲ, ಮಸಾಲೆ ಕುದಿಯದೆ ಪಾತ್ರೆ ಇಳಿಸುವಂತಿಲ್ಲ. ಒಂದರ ಹಿಂದೆ ಒಂದು ಆಗಬೇಕಾದ ಕೆಲಸಕ್ಕೆ ಎಷ್ಟು ಜನ ಬಂದರೂ ಅಷ್ಟೇ.

ಅಮೆರಿಕದ ಕಂಪ್ಯೂಟರ್ ತಜ್ಞ ಜೀನ್ ಆಮ್ಡಾಲ್ 1967ರಲ್ಲಿ ಕಂಪ್ಯೂಟರುಗಳ ಬಗ್ಗೆ ಹೇಳಿದ್ದೂ ಇದನ್ನೇ. ಅದನ್ನು ಈಗ 'ಆಮ್ಡಾಲ್ ನಿಯಮ' ಎನ್ನುತ್ತಾರೆ.

ಕಂಪ್ಯೂಟರಿನ ಲೆಕ್ಕಗಳನ್ನು ಮಾಡುವ ಮುಖ್ಯ ಚಿಪ್ಪಿಗೆ ಪ್ರಾಸೆಸರ್ ಎಂದು ಹೆಸರು. ಹಿಂದೆ ಅದರೊಳಗೆ ಒಬ್ಬನೇ ಕೆಲಸಗಾರನಿದ್ದ. ವರ್ಷ ವರ್ಷವೂ ಅವನ ವೇಗ ಹೆಚ್ಚುತ್ತಾ ಹೋಯಿತು. 2004ರಲ್ಲಿ ಇಂಟೆಲ್ ಕಂಪನಿಯ ಪೆಂಟಿಯಂ 4 ಪ್ರಾಸೆಸರ್ 3.8 ಗಿಗಾಹರ್ಟ್ಸ್ ತಲುಪಿತು. ಅಂದರೆ ಸೆಕೆಂಡಿಗೆ 380 ಕೋಟಿ ಮಿಡಿತ! ಆದರೆ ವೇಗದ ಜೊತೆಗೆ ಬಿಸಿಯೂ ಏರಿತು. 4 ಗಿಗಾಹರ್ಟ್ಸ್ ಪೆಂಟಿಯಂ 4 ತರುವ ಯೋಜನೆಯನ್ನು ಇಂಟೆಲ್ ಅದೇ ವರ್ಷ ಕೈಬಿಟ್ಟಿತು. ಒಬ್ಬನನ್ನೇ ಇನ್ನಷ್ಟು ಓಡಿಸುವ ಬದಲು ಇಬ್ಬರನ್ನು ಕೂರಿಸೋಣ ಎಂಬ ದಾರಿ ಹಿಡಿದವು ಕಂಪನಿಗಳು. 2005ರಲ್ಲಿ ಇಂಟೆಲ್ ಮತ್ತು ಎಎಂಡಿ ಎರಡೂ ಮನೆಬಳಕೆಯ ಕಂಪ್ಯೂಟರಿಗೆ ಎರಡು ಕೋರಿನ ಪ್ರಾಸೆಸರ್ ತಂದವು. ಕೋರ್ ಎಂದರೆ ಚಿಪ್ಪಿನೊಳಗಿನ ಒಬ್ಬ ಕೆಲಸಗಾರ, ಅಷ್ಟೇ.

ಈಗ ಆಟಕ್ಕೆ ಬರೋಣ. ನೀವು ಕ್ರಿಕೆಟ್ ಗೇಮ್ ಆಡುತ್ತಿದ್ದೀರಿ. ಪರದೆಯ ಮೇಲೆ ಸೆಕೆಂಡಿಗೆ 60 ಚಿತ್ರ ಬರಬೇಕಾದರೆ ಒಂದು ಚಿತ್ರಕ್ಕೆ ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡು. ಒಂದು ಮಿಲಿಸೆಕೆಂಡು ಎಂದರೆ ಸೆಕೆಂಡಿನ ಸಾವಿರದ ಒಂದು ಪಾಲು. ಅಷ್ಟರೊಳಗೆ ನೀವು ಯಾವ ಗುಂಡಿ ಒತ್ತಿದಿರಿ ಎಂದು ನೋಡಬೇಕು, ಬ್ಯಾಟು ಬೀಸಬೇಕು, ಚೆಂಡು ತಾಗಿತೇ ಎಂದು ಲೆಕ್ಕ ಹಾಕಬೇಕು, ಫೀಲ್ಡರ್ ಎತ್ತ ಓಡಬೇಕೆಂದು ತೀರ್ಮಾನಿಸಬೇಕು, ಪ್ರೇಕ್ಷಕರನ್ನು ಕುಣಿಸಬೇಕು, ಸದ್ದು ಮಾಡಬೇಕು, ಕೊನೆಗೆ ಚಿತ್ರ ಬಿಡಿಸಬೇಕು.

ಇವುಗಳಲ್ಲಿ ಅವರೆಕಾಯಿ ಯಾವುದು, ಸಾರು ಯಾವುದು ಹೇಳಿ ನೋಡೋಣ.

ಪ್ರೇಕ್ಷಕರ ಕುಣಿತ ಅವರೆಕಾಯಿ. ಒಬ್ಬ ಪ್ರೇಕ್ಷಕ ಕೈ ಎತ್ತಲು ಇನ್ನೊಬ್ಬನನ್ನು ಕೇಳಬೇಕಿಲ್ಲ. ಆ ಕೆಲಸವನ್ನು ಎಂಟು ಕೋರಿಗೂ ಹಂಚಬಹುದು. ಆದರೆ ಗುಂಡಿ, ಬ್ಯಾಟು, ಚೆಂಡು, ಫೀಲ್ಡರ್? ಇದು ಸಾರು. ಚೆಂಡು ಎತ್ತ ಹೋಯಿತೆಂದು ತಿಳಿಯದೆ ಫೀಲ್ಡರ್ ಓಡುವುದಾದರೂ ಎಲ್ಲಿಗೆ?

ಹಂಚುವುದರಲ್ಲಿ ಇನ್ನೊಂದು ತೊಡಕಿದೆ. ಅಡುಗೆಮನೆಯಲ್ಲಿ ಅಮ್ಮ ಸಾರಿಗೆ ಉಪ್ಪು ಹಾಕುತ್ತಾರೆ. ಅದು ಗೊತ್ತಿಲ್ಲದೆ ಅಜ್ಜಿಯೂ ಹಾಕುತ್ತಾರೆ. ಆಮೇಲೆ ಊಟದ ಗತಿ ನಿಮಗೇ ಗೊತ್ತು! ಆಟದಲ್ಲೂ ಹೀಗಾಗುತ್ತದೆ. ನಿಮ್ಮ ಬಳಿ 10 ನಾಣ್ಯ ಇದೆ. ಎರಡು ಕೋರುಗಳು ಒಂದೇ ಕ್ಷಣದಲ್ಲಿ '10' ಎಂದು ಓದಿಕೊಂಡವು. ಎರಡೂ ಒಂದೊಂದು ನಾಣ್ಯ ಸೇರಿಸಿ '11' ಎಂದು ಬರೆದವು. ಇರಬೇಕಾದ್ದು 12, ಇರುವುದು 11! ಇದನ್ನು ತಪ್ಪಿಸಲು ಒಂದು ಕೋರ್ ಬರೆಯುವಾಗ ಇನ್ನೊಂದು ಕಾಯಬೇಕೆಂಬ ನಿಯಮ ಮಾಡುತ್ತಾರೆ. ಕಾಯುವಾಗ ಸಮಯ ಹೋಗುತ್ತದೆ. ಹಾಗಾಗಿ ಯಾರು ಯಾವಾಗ ಏನು ಮಾಡಬೇಕೆಂದು ಮೊದಲೇ ಯೋಚಿಸುವುದು ಆಟ ಬರೆಯುವವರ ದೊಡ್ಡ ತಲೆನೋವು.

ಇದಕ್ಕೆ ಒಂದು ನಿಜವಾದ ಉದಾಹರಣೆ ಇದೆ. ಅಮೆರಿಕದ ನಾಟಿ ಡಾಗ್ ಕಂಪನಿ 2013ರಲ್ಲಿ ಪ್ಲೇಸ್ಟೇಷನ್ 3 ಯಂತ್ರಕ್ಕಾಗಿ 'ದ ಲಾಸ್ಟ್ ಆಫ್ ಅಸ್' ಎಂಬ ಆಟ ತಂದಿತು. (ಇದು ದೊಡ್ಡವರ ಆಟ; ಮಕ್ಕಳೇ, ನಮಗೆ ಅದರ ಎಂಜಿನಿಯರಿಂಗ್ ಮಾತ್ರ ಸಾಕು.) ಮರುವರ್ಷ ಅದನ್ನು ಪ್ಲೇಸ್ಟೇಷನ್ 4ಕ್ಕೆ ತರಬೇಕಾಯಿತು. ಹಳೆಯ ಯಂತ್ರದಲ್ಲಿ ಸೆಕೆಂಡಿಗೆ 30 ಚಿತ್ರ ಬರುತ್ತಿತ್ತು. ಹೊಸದರಲ್ಲಿ 60 ಬರಬೇಕೆಂಬುದು ಗುರಿ. ಹೊಸ ಯಂತ್ರದಲ್ಲಿ ಎಂಟು ಕೋರುಗಳೇನೋ ಇದ್ದವು. ಆದರೆ ಒಂದೊಂದು ಕೋರಿನ ಮಿಡಿತ 1.6 ಗಿಗಾಹರ್ಟ್ಸ್, ಹಳೆಯ ಯಂತ್ರದ್ದು 3.2 ಆಗಿತ್ತು. ಕೆಲಸ ಹಂಚದೆ ಬೇರೆ ದಾರಿಯೇ ಇರಲಿಲ್ಲ.

ಅವರು ಆಟವನ್ನು ಸಣ್ಣ ಸಣ್ಣ ಕೆಲಸಗಳಾಗಿ ಒಡೆದು ಸಾಲಾಗಿ ಇಟ್ಟರು. ಯಾವ ಕೋರ್ ಬಿಡುವಾಗುತ್ತದೋ ಅದು ಸಾಲಿನಿಂದ ಮುಂದಿನ ಕೆಲಸ ಎತ್ತಿಕೊಳ್ಳುತ್ತದೆ. ಒಂದು ಕೆಲಸ ಇನ್ನೊಂದಕ್ಕಾಗಿ ಕಾಯಬೇಕಾಗಿ ಬಂದರೆ ಕೋರ್ ಸುಮ್ಮನೆ ಕೂರದೆ, ಅದನ್ನು ಪಕ್ಕಕ್ಕಿಟ್ಟು ಬೇರೊಂದನ್ನು ಹಿಡಿಯುತ್ತದೆ. ಅಷ್ಟೂ ಸಾಲದಾದಾಗ ನಮ್ಮ ಮದುವೆಮನೆಯ ಉಪಾಯವನ್ನೇ ಮಾಡಿದರು. ಮೊದಲ ಪಂಕ್ತಿಗೆ ಬಡಿಸುತ್ತಿರುವಾಗ ಎರಡನೆಯ ಪಂಕ್ತಿಯ ಅನ್ನ ಒಲೆಯ ಮೇಲಿರುತ್ತದಲ್ಲವೇ? ಹಾಗೆಯೇ ಕೆಲವು ಕೋರುಗಳು ಈಗಿನ ಚಿತ್ರ ಬಿಡಿಸುವ ಸಿದ್ಧತೆ ಮಾಡುತ್ತಿರುವಾಗ, ಉಳಿದವು ಮುಂದಿನ ಚಿತ್ರದ ಆಟದ ಲೆಕ್ಕ ಶುರುಮಾಡಿದವು. ಗುರಿ ಮುಟ್ಟಿತು. 

ಎಲ್ಲ ಆಟಗಳೂ ಹೀಗೆ ಒಡೆಯುವುದಿಲ್ಲ. ನಿಮ್ಮಲ್ಲಿ ಹಲವರು ಆಡುವ ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಯನ್ನೇ ನೋಡಿ. ಅದರ ಜಗತ್ತು ಸೆಕೆಂಡಿಗೆ 20 ಹೆಜ್ಜೆ ಮುಂದೆ ಸಾಗುತ್ತದೆ. ಪ್ರಾಣಿಗಳ ಓಡಾಟ, ರೆಡ್‌ಸ್ಟೋನ್ ಯಂತ್ರಗಳು ಮುಂತಾದ ಮುಖ್ಯ ಲೆಕ್ಕಗಳು ಬಹುಪಾಲು ಒಂದೇ ಸಾಲಿನಲ್ಲಿ, ಒಂದರ ಹಿಂದೆ ಒಂದು ನಡೆಯುತ್ತವೆ. ನೀವು ದೈತ್ಯ ಯಂತ್ರ ಕಟ್ಟಿ ಆಟ ತಡವರಿಸಿದರೆ, ಹದಿನಾರು ಕೋರಿದ್ದರೂ ಹೆಚ್ಚಿನವು ಕೈಕಟ್ಟಿ ಕೂತಿರಬಹುದು. ಅಲ್ಲಿ ಬೇಕಾದ್ದು ಚುರುಕಾದ ಒಂದು ಕೋರ್.

ಹಾಗಾದರೆ ಚಿತ್ರದ ಬಣ್ಣ ತುಂಬುವವರು ಯಾರು? ಫುಲ್ ಎಚ್‌ಡಿ ಪರದೆಯಲ್ಲಿ ಅಗಲಕ್ಕೆ 1920, ಎತ್ತರಕ್ಕೆ 1080, ಒಟ್ಟು 20,73,600 ಚುಕ್ಕಿಗಳಿರುತ್ತವೆ. ಇದು ಅಪ್ಪಟ ಅವರೆಕಾಯಿ! ಅದಕ್ಕೆಂದೇ ನೂರಾರು, ಸಾವಿರಾರು ಪುಟ್ಟ ಕೆಲಸಗಾರರಿರುವ ಬೇರೆ ಚಿಪ್ಪಿದೆ. ಅದೇ ಗ್ರಾಫಿಕ್ಸ್ ಚಿಪ್.

ಈಗ ಅಜ್ಜನವರ ಹಣದ ವಿಷಯ. ಬರೀ ಆಟಕ್ಕಾದರೆ ಹದಿನಾರು ಕೋರಿಗೆ ಹಣ ಸುರಿಯಬೇಡಿ. ಪ್ಲೇಸ್ಟೇಷನ್ 4ರಲ್ಲೂ 2020ರಲ್ಲಿ ಬಂದ ಪ್ಲೇಸ್ಟೇಷನ್ 5ರಲ್ಲೂ ಇರುವುದು ಎಂಟು ಕೋರು. ದೊಡ್ಡ ಆಟಗಳನ್ನು ಬರೆಯುವವರು ಆ ಯಂತ್ರಗಳನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಬರೆಯುತ್ತಾರೆ. ಆದ್ದರಿಂದ ಚುರುಕಾದ ಆರು ಅಥವಾ ಎಂಟು ಕೋರು ಸಾಕು. ಉಳಿದ ಹಣವನ್ನು ಒಳ್ಳೆಯ ಗ್ರಾಫಿಕ್ಸ್ ಚಿಪ್ಪಿಗೆ ಹಾಕಿ. ಮೊಮ್ಮಗ ವಿಡಿಯೋ ಸಂಕಲನ, ತ್ರೀಡಿ ಅನಿಮೇಷನ್ ಮಾಡುವವನಾದರೆ ಮಾತು ಬೇರೆ. ಅಲ್ಲಿ ಹೆಚ್ಚು ಕೋರುಗಳಿಗೆ ಕೈತುಂಬ ಕೆಲಸವಿರುತ್ತದೆ. ಮೊದಲು ಅವನನ್ನು ಕೂರಿಸಿಕೊಂಡು "ಯಾವ ಆಟ ಆಡುತ್ತೀಯಪ್ಪ?" ಎಂದು ಕೇಳಿ. ಅಂಗಡಿಗೆ ಆಮೇಲೆ ಹೋಗಿ.

ಮನೆಯಲ್ಲಿ ವಿಂಡೋಸ್ ಕಂಪ್ಯೂಟರ್ ಇದ್ದರೆ ಅಜ್ಜ ಮೊಮ್ಮಕ್ಕಳು ಸೇರಿ ಒಂದು ಪ್ರಯೋಗ ಮಾಡಿ. ಆಟ ನಡೆಯುತ್ತಿರುವಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. 'ಪರ್ಫಾರ್ಮೆನ್ಸ್' ವಿಭಾಗಕ್ಕೆ ಹೋಗಿ, ಸಿಪಿಯು ನಕ್ಷೆಯ ಮೇಲೆ ಮೌಸಿನ ಬಲಗುಂಡಿ ಒತ್ತಿ, 'ಲಾಜಿಕಲ್ ಪ್ರಾಸೆಸರ್ಸ್' ಆರಿಸಿ. ಹಲವು ಪುಟ್ಟ ನಕ್ಷೆಗಳು ಕಾಣುತ್ತವೆ. ಒಂದೇ ಕೋರ್ ಎರಡು ಸಾಲು ಕೆಲಸ ನಡೆಸಬಲ್ಲದಾದರೆ ನಕ್ಷೆಗಳ ಸಂಖ್ಯೆ ಕೋರುಗಳಿಗಿಂತ ಹೆಚ್ಚಿರುತ್ತದೆ. ಎಷ್ಟು ನಕ್ಷೆಗಳು ಮೇಲೇರಿವೆ, ಎಷ್ಟು ನೆಲ ಹಿಡಿದು ಮಲಗಿವೆ ಎಂದು ಎಣಿಸಿ. ಬೇರೆ ಬೇರೆ ಆಟಗಳಲ್ಲಿ ಎಣಿಸಿ ಬರೆದಿಟ್ಟುಕೊಳ್ಳಿ.

ಕೊನೆಗೊಂದು ಲೆಕ್ಕ: ಅದೇ ಮೊರದ ಅವರೆಕಾಯಿಯನ್ನು ಎಂಟು ಜನ ಸುಲಿದರೆ ಊಟಕ್ಕೆ ಎಷ್ಟು ನಿಮಿಷ ಕಾಯಬೇಕು?