ಹೊಸ ಮಾದರಿಯ ಮೊದಲ ಗ್ರಾಹಕ

ನವರಾತ್ರಿ ಸಮೀಪಿಸುತ್ತಿದ್ದಂತೆ ವಾಹನಗಳ ಹೊಸ ಮಾದರಿಗಳು ಒಂದರ ಬೆನ್ನಿಗೊಂದು ಮಾರುಕಟ್ಟೆಗೆ ಇಳಿಯುವುದೂ, ಆಯುಧಪೂಜೆಯ ಹೊತ್ತಿಗೆ ಗಾಡಿ ಮನೆಯ ಮುಂದೆ ನಿಂತಿರಬೇಕೆಂಬ ಹಂಬಲದಿಂದ ಗೃಹಸ್ಥರು ಶೋರೂಮುಗಳಲ್ಲಿ ನೆರೆಯುವುದೂ ನಮ್ಮ ನಾಡಿನಲ್ಲಿ ಈಗ ವರ್ಷವರ್ಷವೂ ನಡೆದು ಬರುತ್ತಿರುವ ಕ್ರಮ. 2022ರ ಜುಲೈ 30ರಂದು ಮಹೀಂದ್ರ ಸಂಸ್ಥೆಯು ತನ್ನ ಸ್ಕಾರ್ಪಿಯೊ-ಎನ್ ವಾಹನಕ್ಕೆ ಬುಕಿಂಗ್ ತೆರೆದಾಗ ಮೊದಲ 1 ನಿಮಿಷದಲ್ಲಿ 25,000, ಅರ್ಧ ಗಂಟೆಯೊಳಗೆ 1 ಲಕ್ಷ ಬುಕಿಂಗುಗಳು ಬಂದವು. ಪ್ರಾರಂಭದ ಬೆಲೆ ಮೊದಲ 25,000 ಮಂದಿಗೆ ಮಾತ್ರವೆಂದು ಮುಂಚಿತವಾಗಿಯೇ ಸಾರಲಾಗಿತ್ತು. ಆ ವಾಹನದ ಗುಣಾವಗುಣಗಳು ಪ್ರಕೃತ ವಿಷಯವಲ್ಲ. ಮನೆ ಕಟ್ಟುವುದನ್ನೂ ಮಕ್ಕಳ ಮದುವೆಯನ್ನೂ ಬಿಟ್ಟರೆ ಮಧ್ಯಮವರ್ಗದ ಕುಟುಂಬವೊಂದು ತನ್ನ ಜೀವಮಾನದಲ್ಲಿ ಮಾಡತಕ್ಕ ಅತ್ಯಂತ ದೊಡ್ಡ ವೆಚ್ಚವನ್ನು, ಐದಾರು ವರ್ಷಗಳ ಕಂತಿನ ಭಾರವನ್ನು ಹೊತ್ತುಕೊಂಡು, ಯಾರೂ ಒಂದು ಮಳೆಗಾಲವನ್ನಾದರೂ ಕಳೆದು ನೋಡದ ಯಂತ್ರದ ಮೇಲೆ, ಇಷ್ಟು ತ್ವರೆಯಿಂದ ಮಾಡಬಹುದೆ ಎಂಬುದೇ ವಿಚಾರ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಗೆ ಒಂದೇ ವಾಹನ, ಅದೂ ಸಾಲದ್ದು, ಅದರ ಮೇಲೆಯೇ ನಿತ್ಯದ ಉದ್ಯೋಗವೂ ವೃದ್ಧರ ಆಸ್ಪತ್ರೆಯ ಓಡಾಟವೂ ನಿಂತಿದೆ ಎನ್ನುವಂಥ ಕುಟುಂಬವು, ಒಳಗಿನ ಮುಖ್ಯ ಯಂತ್ರಾಂಗಗಳೇ ಹೊಸದಾಗಿರತಕ್ಕ ಮಾದರಿಯನ್ನು ಅದರ ಮೊದಲ ವರ್ಷದಲ್ಲಿ ಕೊಳ್ಳಬಾರದು. ಹಾಗೆ ಕೊಂಡವರಾದರೋ, ತಯಾರಕನ ಪರೀಕ್ಷೆಯ ಉಳಿದ ಭಾಗವನ್ನು ತಮ್ಮ ಖರ್ಚಿನಲ್ಲಿ ನಡೆಸಿಕೊಡುವವರು. ಅವರಿಗೆ ತಯಾರಕನು ಋಣಿಯಾಗಿರುತ್ತಾನೆ, ಮತ್ತು ಆ ಋಣವು ಇಂದಿಗೂ ಸಂದಾಯವಾಗುತ್ತಿಲ್ಲ.

ಪರೀಕ್ಷೆಯೇ ಇಲ್ಲದೆ ವಾಹನಗಳು ಹೊರಬರುತ್ತವೆ ಎಂದು ಯಾರೂ ಭಾವಿಸಬೇಕಾಗಿಲ್ಲ. ಇಂದೂರಿನ ಹತ್ತಿರ ಪೀಥಂಪುರದ ನ್ಯಾಟ್ರಾಕ್ಸ್ ಪರೀಕ್ಷಾಕೇಂದ್ರದಲ್ಲಿ 11.3 ಕಿಲೋಮೀಟರಿನ ವೇಗಪಥವೇ ಇದೆ; ಪುಣೆಯ ಎಆರ್‌ಎಐ ಮೊದಲಾದ ಸಂಸ್ಥೆಗಳು ಬ್ರೇಕು, ದೀಪ, ಹೊಗೆ, ಅಪಘಾತದ ಆಘಾತ ಇವುಗಳನ್ನೆಲ್ಲ ಪರಿಶೀಲಿಸಿ ಪ್ರಮಾಣಪತ್ರ ಕೊಟ್ಟ ಮೇಲೆಯೇ ಮಾದರಿಯು ಮಾರಾಟಕ್ಕೆ ಅರ್ಹವಾಗುವುದು. ಆದರೆ ಕ್ಲಚ್ಚು ಮೂರು ವರ್ಷ ಬಾಳುವುದೇ, ಬಾಗಿಲ ರಬ್ಬರು ಎರಡನೆಯ ಬೇಸಗೆಯ ತರುವಾಯ ನೀರನ್ನು ತಡೆಯುವುದೇ, ಎದುರಿನ ಪರದೆ ನಡುದಾರಿಯಲ್ಲಿ ಕಪ್ಪಾಗದೆ ಇರುವುದೇ ಎಂಬಿವು ಆ ಪ್ರಮಾಣಪತ್ರದ ವ್ಯಾಪ್ತಿಗೆ ಬರುವ ಸಂಗತಿಗಳಲ್ಲ. ಅವನ್ನು ಕಂಪನಿಯವರು ತಾವೇ ಪರೀಕ್ಷಿಸಿಕೊಳ್ಳುತ್ತಾರೆ. ಆ ಪರೀಕ್ಷೆ ಎಷ್ಟು ಪ್ರಾಮಾಣಿಕವಾಗಿದ್ದರೂ ಗಣಿತವು ಅದಕ್ಕೊಂದು ಮೇರೆಯನ್ನು ಹಾಕಿಟ್ಟಿದೆ. ಒಂದು ದೋಷವು 1,000 ವಾಹನಗಳಲ್ಲಿ ಒಂದಕ್ಕೆ ಮಾತ್ರ ತಗಲತಕ್ಕದ್ದೆಂದು ಇಟ್ಟುಕೊಳ್ಳೋಣ. 100 ವಾಹನಗಳನ್ನು ಓಡಿಸಿ ನೋಡಿದರೂ ಅದು ಯಾವೊಂದರಲ್ಲಿಯೂ ಕಾಣಿಸಿಕೊಳ್ಳದೆ ಹೋಗುವ ಸಂಭವ ಹತ್ತಕ್ಕೆ ಒಂಬತ್ತರಷ್ಟು. ಅದೇ ಮಾದರಿಯ 10,000 ಗಾಡಿಗಳು ಊರೂರು ಸೇರಿದಾಗ ಸುಮಾರು ಹತ್ತು ಮನೆಗಳಲ್ಲಿ ಅದು ತಲೆದೋರುತ್ತದೆ. ಇಷ್ಟಲ್ಲದೆ, ಪರೀಕ್ಷೆಗೆಂದು ಕಟ್ಟಿದ ಮೊದಲ ಗಾಡಿಗಳು ನುರಿತ ಕೈಗಳಲ್ಲಿ ನಿಧಾನವಾಗಿ ಸಿದ್ಧವಾಗುವಂಥವು. ಮಾರಾಟದ ಗಾಡಿಗಳು ಹೊಸ ಅಚ್ಚುಗಳಿಂದ, ನೂರಾರು ಬಿಡಿಭಾಗ ಪೂರೈಕೆದಾರರಿಂದ ಬಂದ ವಸ್ತುಗಳಿಂದ, ಇನ್ನೂ ಕೆಲಸದ ಹದ ಹಿಡಿಯದ ಕೈಗಳಿಂದ ನಿಮಿಷಗಳ ಲೆಕ್ಕದಲ್ಲಿ ಹೊರಬೀಳುವಂಥವು. ಮತ್ತು ಕಾಲವೆಂಬುದನ್ನು ಯಾವ ಪರೀಕ್ಷಾಪಥವೂ ಪೂರ್ಣವಾಗಿ ಅನುಕರಿಸಲಾರದು. ಕರಾವಳಿಯ ಉಪ್ಪುಗಾಳಿ, ಆಗುಂಬೆಯ ಮಳೆ, ರಾಯಚೂರಿನ ಮೇ ತಿಂಗಳು ಇವು ತಮ್ಮ ತಮ್ಮ ಅವಧಿಯನ್ನು ತೆಗೆದುಕೊಂಡೇ ತಮ್ಮ ಕೆಲಸ ಮಾಡುತ್ತವೆ.

ಇತಿಹಾಸದಲ್ಲಿ ಇದಕ್ಕೆ ಸಾಕ್ಷಿಗಳುಂಟು. 1998ರ ಕೊನೆಗೆ ಟಾಟಾ ಸಂಸ್ಥೆಯ ಇಂಡಿಕಾ ಬಂದಾಗ, ಪೂರ್ಣವಾಗಿ ಭಾರತೀಯರೇ ರೂಪಿಸಿದ ಕಾರೆಂಬ ಅಭಿಮಾನವೂ ಸೇರಿಕೊಂಡು, ಲಕ್ಷಕ್ಕೂ ಮೀರಿ ಜನ ಮುಂಗಡ ಹಣ ಕಟ್ಟಿದರು. ಮೊದಲ ಗ್ರಾಹಕರಿಂದ ದೂರುಗಳು ಸಾಲುಗಟ್ಟಿ ಬಂದವು. ಕಂಪನಿಯು ಹಲವು ಭಾಗಗಳನ್ನು ತನ್ನ ವೆಚ್ಚದಲ್ಲಿ ಬದಲಿಸಿಕೊಟ್ಟು, ಕಲಿತದ್ದನ್ನೆಲ್ಲ ಒಟ್ಟುಗೂಡಿಸಿ, 2001ರಲ್ಲಿ ವಿ2 ಎಂಬ ಹೆಸರಿನಲ್ಲಿ ತಿದ್ದಿದ ಆವೃತ್ತಿಯನ್ನು ತಂದಿತು. ಬೆಂಗಳೂರಿನ ಟ್ಯಾಕ್ಸಿ ಚಾಲಕರು ಮುಂದೆ ವರ್ಷಾನುಗಟ್ಟಲೆ ನೆಚ್ಚಿಕೊಂಡದ್ದು ಈ ಎರಡನೆಯದನ್ನು. ಆ ನೆಚ್ಚಿಕೆಯ ಬೆಲೆಯಲ್ಲಿ ಒಂದು ಪಾಲನ್ನು ತೆತ್ತವರು 1999ರ ಗ್ರಾಹಕರು ಎಂಬುದನ್ನು ನೆನೆಯುವವರು ವಿರಳ.

ಹೊರದೇಶಗಳಲ್ಲಿಯೂ ಹೀಗೆಯೇ. 2010ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿಯೂ ಜಪಾನಿನಲ್ಲಿಯೂ ಮಾರಾಟಕ್ಕೆ ಬಂದ ನಿಸ್ಸಾನ್ ಲೀಫ್ ಎಂಬ ವಿದ್ಯುತ್ ಕಾರಿನ ಬ್ಯಾಟರಿಗೆ ದ್ರವದಿಂದ ತಂಪು ಮಾಡುವ ಏರ್ಪಾಡಿರಲಿಲ್ಲ. ಅರಿಜೋನಾದ ಫೀನಿಕ್ಸ್‌ನಂಥ ಸುಡುಬಿಸಿಲಿನ ಊರಿನಲ್ಲಿ ಅದನ್ನು ಕೊಂಡವರು 2012ರ ಬೇಸಗೆಯಲ್ಲಿ ತಮ್ಮ ಬ್ಯಾಟರಿಯ ಧಾರಣಶಕ್ತಿ ಎದ್ದುಕಾಣುವಂತೆ ಕುಗ್ಗಿರುವುದನ್ನು ಕಂಡರು. ಗಲಾಟೆಯಾದ ಮೇಲೆ ಕಂಪನಿಯು ಧಾರಣಶಕ್ತಿಗೂ ವಾರಂಟಿ ಘೋಷಿಸಿ ಮೊದಲ ಗ್ರಾಹಕರಿಗೂ ಅದನ್ನು ಅನ್ವಯಿಸಿತು. ಬಿಸಿಯನ್ನು ತಾಳಿಕೊಳ್ಳತಕ್ಕ ಬ್ಯಾಟರಿ 2015ರ ಮಾದರಿಯಲ್ಲಿ ಬಂತು. ಕಲಬುರಗಿಯ ಓದುಗರು ಈ ಪ್ರಸಂಗವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಗುಣಮಟ್ಟಕ್ಕೆ ಜಗತ್ತಿನಲ್ಲೆಲ್ಲ ಹೆಸರಾದ ಟೊಯೊಟಾ ಸಂಸ್ಥೆಯೇ, ತನ್ನ ಬಿಜೆಡ್4ಎಕ್ಸ್ ಎಂಬ ಹೊಸ ವಿದ್ಯುತ್ ವಾಹನವು ಬೀದಿಗಿಳಿದು ಕೆಲವೇ ವಾರಗಳಾಗಿದ್ದಾಗ, ಚಕ್ರದ ಬೋಲ್ಟುಗಳು ಸಡಿಲವಾಗಬಹುದೆಂಬ ಕಾರಣದಿಂದ 2022ರ ಜೂನಿನಲ್ಲಿ ಸುಮಾರು 2,700 ವಾಹನಗಳನ್ನು ವಾಪಸು ಕರೆಯಬೇಕಾಯಿತು. ಹೆಸರು ದೊಡ್ಡದಾದ ಮಾತ್ರಕ್ಕೆ ಹೊಸತನದ ಅಪಾಯ ಇಲ್ಲದೆ ಹೋಗುವುದಿಲ್ಲ.

ಇಷ್ಟನ್ನು ಓದಿ, ಮೊದಲ ವರ್ಷದ ಯಾವ ವಾಹನವೂ ಬೇಡವೆಂದು ತೀರ್ಮಾನಿಸುವುದು ಅವಸರವಾದೀತು. ಇಲ್ಲಿ ವಿವೇಚಿಸಬೇಕಾದ ಅಂಶ ಹೆಸರಿನ ಹೊಸತನವಲ್ಲ, ಅಂಗಗಳ ಹೊಸತನ. 2000ದಲ್ಲಿ ಬಿಡದಿಯ ಕಾರ್ಖಾನೆಯಿಂದ ಹೊರಟ ಕ್ವಾಲಿಸ್ ಕರ್ನಾಟಕದ ಮಟ್ಟಿಗೆ ಸಂಪೂರ್ಣ ಹೊಸ ವಾಹನ, ಕಾರ್ಖಾನೆಯೇ ಹೊಸದು. ಆದರೂ ಅದನ್ನು ಮೊದಲ ವರ್ಷದಲ್ಲಿ ಕೊಂಡವರು ಕೈಸುಟ್ಟುಕೊಳ್ಳಲಿಲ್ಲ. ಏಕೆಂದರೆ ಅದು ಕಿಜಾಂಗ್ ಎಂಬ ಹೆಸರಿನಲ್ಲಿ ಇಂಡೋನೇಷ್ಯದ ರಸ್ತೆಗಳಲ್ಲಿ ವರ್ಷಗಟ್ಟಲೆ ಓಡಿ, ಅಲ್ಲಿನ ಮಳೆ ಬಿಸಿಲು ಹಳ್ಳಕೊಳ್ಳಗಳಲ್ಲಿ ತನ್ನ ಬಾಲ್ಯದ ರೋಗಗಳನ್ನೆಲ್ಲ ಕಳೆದುಕೊಂಡು ಬಂದ ವಾಹನವಾಗಿತ್ತು. ಹೊರನೋಟಕ್ಕೆ ಹಳತೆಂದು ಅಂದು ಹಗುರಾಗಿ ಆಡಿಕೊಂಡವರುಂಟು. ಆ ಹಳೆಯತನದಲ್ಲಿಯೇ ಗ್ರಾಹಕನ ನೆಮ್ಮದಿ ಅಡಗಿತ್ತು. ಇದಕ್ಕೆ ವಿಪರ್ಯಯವಾದ ಉದಾಹರಣೆಯೂ ಉಂಟು. 2020ರ ಏಪ್ರಿಲ್ 1ರಿಂದ ಬಿಎಸ್6 ನಿಯಮ ಜಾರಿಗೆ ಬಂದಾಗ, ಎಷ್ಟೋ ವರ್ಷಗಳಿಂದ ಪರಿಚಿತವಾಗಿದ್ದ ಡೀಸೆಲ್ ಗಾಡಿಗಳು ಅದೇ ಹೆಸರು, ಅದೇ ಮೈಕಟ್ಟಿನಲ್ಲಿ ಮುಂದುವರಿದರೂ ಅವುಗಳ ಹೊಗೆಯ ಹಾದಿಯಲ್ಲಿ ಮಸಿಯನ್ನು ಹಿಡಿದಿಟ್ಟು ಆಗಾಗ್ಗೆ ಸುಟ್ಟುಹಾಕುವ ಡಿಪಿಎಫ್ ಎಂಬ ಶೋಧಕ ಬಂದು ಕುಳಿತಿತು. ಅದು ತನ್ನನ್ನು ತಾನು ಶುಚಿಗೊಳಿಸಿಕೊಳ್ಳಬೇಕಾದರೆ ಗಾಡಿ ಸ್ವಲ್ಪ ಹೊತ್ತು ಒಂದೇ ಸಮನೆ ವೇಗವಾಗಿ ಓಡಬೇಕು. ದಿನಕ್ಕೆ ನಾಲ್ಕೈದು ಕಿಲೋಮೀಟರು ಸಂತೆಬೀದಿಯಲ್ಲಿ ತೆವಳುವ ಗಾಡಿಗೆ ಆ ಅವಕಾಶವೆಲ್ಲಿ? ಎಚ್ಚರಿಕೆಯ ದೀಪ ಹತ್ತಿಕೊಂಡಾಗ, ಹೆಸರು ಹಳೆಯದಾದರೂ ತಾವು ಕೊಂಡದ್ದು ಒಂದು ಅರ್ಥದಲ್ಲಿ ಮೊದಲ ವರ್ಷದ ವಾಹನವೆಂಬುದು ಗ್ರಾಹಕರಿಗೆ ತಿಳಿಯಿತು.

ಆದಕಾರಣ ಶೋರೂಮಿಗೆ ಹೋದವರು ಸನ್‌ರೂಫಿನ ಅಳತೆಯನ್ನೂ ಪರದೆಯ ಅಂಗುಲಗಳನ್ನೂ ಕೇಳುವುದಕ್ಕೆ ಮುಂಚೆ, ಈ ಎಂಜಿನ್ನು ಇದಕ್ಕೆ ಮೊದಲು ಯಾವ ಗಾಡಿಯಲ್ಲಿ ಎಷ್ಟು ವರ್ಷ ಓಡಿದೆ, ಗೇರ್‌ಬಾಕ್ಸು ಯಾವುದರದ್ದು, ಕೆಳಗಿನ ಚಾಸಿಯ ವಿನ್ಯಾಸ ಎಲ್ಲಿಂದ ಬಂತು, ಬ್ಯಾಟರಿಯ ಜಾತಿ ಯಾವುದು ಎಂದು ಕೇಳಬೇಕು. ಇವೆಲ್ಲ ಹಳತಾಗಿದ್ದು ಮೇಲುಡುಗೆ ಮಾತ್ರ ಹೊಸದಾಗಿದ್ದರೆ ಧೈರ್ಯವಾಗಿ ಕೊಳ್ಳಬಹುದು. ಎಂಜಿನ್, ಗೇರ್‌ಬಾಕ್ಸ್, ಸಾಫ್ಟ್‌ವೇರ್ ಮೂರೂ ಒಮ್ಮೆಗೇ ಹೊಸದಾಗಿದ್ದರೆ ಒಂದು ವರ್ಷ ತಡೆಯುವುದೇ ಲೇಸು.

ಇದರ ಜೊತೆಗೆ ಸೇರಿಸಬೇಕಾದ ಇನ್ನೊಂದು ಮಾತು, ನನ್ನ ದೃಷ್ಟಿಯಲ್ಲಿ ಮಿಕ್ಕೆಲ್ಲಕ್ಕಿಂತ ಮುಖ್ಯವಾದದ್ದು, ಸರ್ವಿಸ್ ಸೆಂಟರಿನ ದೂರ. ಯಾವುದಾದರೊಂದು ಜಿಲ್ಲಾಕೇಂದ್ರದ ಸರ್ವಿಸ್ ಸೆಂಟರಿನಲ್ಲಿ ಬೆಳಗ್ಗೆ ಒಂಬತ್ತೂವರೆಯ ಹೊತ್ತಿಗೆ ನಿಂತು ನೋಡಿದರೆ ಈ ಮಾತಿನ ಅರ್ಥವಾಗುತ್ತದೆ. ಐದಾರು ವರ್ಷ ಹಳೆಯ ಮಾದರಿಯ ಗಾಡಿಯೊಂದು ಟಕಟಕ ಸದ್ದು ಮಾಡುತ್ತ ಒಳಗೆ ಬರುವಾಗಲೇ, ಮೂಲೆಯಲ್ಲಿ ಮತ್ತೊಂದು ಗಾಡಿಯ ಚಕ್ರ ಬಿಚ್ಚುತ್ತಿದ್ದ ಮೆಕ್ಯಾನಿಕ್ ತಲೆಯೆತ್ತದೆಯೇ "ಲಿಂಕ್ ರಾಡ್ ಹೋಗಿದೆ ನೋಡು" ಎನ್ನುತ್ತಾನೆ. ಬಿಡಿಭಾಗ ಕಪಾಟಿನಲ್ಲಿಯೇ ಇರುತ್ತದೆ. ಊಟದ ಹೊತ್ತಿಗೆ ಗಾಡಿ ಹೊರಡುತ್ತದೆ. ಅದರ ಪಕ್ಕದಲ್ಲಿಯೇ ನಿಂತ ಹೊಸ ಮಾದರಿಯ ಗಾಡಿಗೆ ಬೇರೆಯೇ ವಿಧಿ. ಸರ್ವಿಸ್ ಅಡ್ವೈಸರ್ ಜಾಬ್ ಕಾರ್ಡಿನಲ್ಲಿ ದೂರನ್ನು ಬರೆದುಕೊಂಡು, ಸ್ಟೀರಿಂಗಿನ ಕೆಳಗೆ ಲ್ಯಾಪ್‌ಟಾಪಿನ ತಂತಿ ಸಿಕ್ಕಿಸಿ, ಏನೂ ಕೋಡ್ ತೋರಿಸದಿರುವುದನ್ನು ಕಂಡು, "ಈ ಮಾಡೆಲ್‌ನಲ್ಲಿ ಎಲ್ಲ ಗಾಡಿಗೂ ಹೀಗೇ ಬರ್ತಿದೆ ಸಾರ್, ಕಂಪನಿಗೆ ಮೇಲ್ ಹಾಕಿದ್ದೀವಿ, ಮುಂದಿನ ಅಪ್‌ಡೇಟ್‌ನಲ್ಲಿ ಸರಿಹೋಗುತ್ತೆ" ಎನ್ನುತ್ತಾನೆ. ಆ ಹುಡುಗನದು ತಪ್ಪಲ್ಲ. ಅವನು ನಿಜವನ್ನೇ ಹೇಳುತ್ತಿದ್ದಾನೆ. ಅನುಭವವೆಂಬುದು ಕಾರ್ಖಾನೆಯಲ್ಲಿ ಮಾತ್ರವಲ್ಲದೆ ಮೆಕ್ಯಾನಿಕ್ಕಿನ ಕಿವಿಯಲ್ಲಿಯೂ ಬೆರಳಿನಲ್ಲಿಯೂ ಸಂಚಯವಾಗಬೇಕಾದ ವಸ್ತು. ಹೊಸ ಮಾದರಿಗೆ ಅದಿನ್ನೂ ಆಗಿರುವುದಿಲ್ಲ. ಬೆಂಗಳೂರಿನ ಗ್ರಾಹಕ ಗಾಡಿಯನ್ನು ಬಿಟ್ಟು ಮೆಟ್ರೊ ಹತ್ತಿ ಕಚೇರಿಗೆ ಹೋದಾನು. ಸಿದ್ದಾಪುರದಿಂದಲೋ ಕೂಡ್ಲಿಗಿಯಿಂದಲೋ ಗಂಟೆಗಟ್ಟಲೆ ಓಡಿಸಿಕೊಂಡು ಬಂದವನು, ಬಿಡಿಭಾಗ ಇನ್ನೂ ಬಂದಿಲ್ಲವೆಂಬ ಮಾತು ಕೇಳಿ ಬಸ್ಸು ಹತ್ತಿ ಊರಿಗೆ ಹಿಂದಿರುಗಬೇಕು.

ಎಲ್ಲರೂ ಹೀಗೆ ಮೀನಮೇಷ ಎಣಿಸುತ್ತ ಕುಳಿತರೆ ಹೊಸದೆಂಬುದು ಲೋಕಕ್ಕೆ ಬರುವುದಾದರೂ ಹೇಗೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. 2001ರಲ್ಲಿ ಬೆಂಗಳೂರಿನ ರೇವಾ ಎಂಬ ಪುಟ್ಟ ವಿದ್ಯುತ್ ಕಾರನ್ನು, ಸೀಸದ ಬ್ಯಾಟರಿಯ ಎಲ್ಲ ಮಿತಿಗಳನ್ನೂ ಅರಿತು ಕೊಂಡ ಕೆಲವೇ ಮಂದಿ ಇಲ್ಲದಿದ್ದರೆ ಈ ನಗರದಲ್ಲಿ ವಿದ್ಯುತ್ ವಾಹನದ ವಿದ್ಯೆಯು ಅಷ್ಟು ಬೇಗ ನೆಲೆಗೊಳ್ಳುತ್ತಿರಲಿಲ್ಲವೆಂದೇ ನಾನು ನಂಬಿದ್ದೇನೆ. ಮನೆಯಲ್ಲಿ ಇನ್ನೊಂದು ಗಾಡಿಯಿದ್ದು, ಸರ್ವಿಸ್ ಸೆಂಟರು ಹತ್ತಿರವಿದ್ದು, ಯಂತ್ರದಲ್ಲಿ ಕುತೂಹಲವಿದ್ದವರು ಮೊದಲ ವರ್ಷದಲ್ಲಿಯೇ ಕೊಳ್ಳಲಿ. ಅವರಿಂದ ಸಮಾಜಕ್ಕೆ ಉಪಕಾರವೇ ಆಗುತ್ತದೆ. ನನ್ನ ತಕರಾರು ಇರುವುದು, ಆ ಉಪಕಾರವನ್ನು ತಿಳಿಯದೆಯೇ ಮಾಡುತ್ತಿರುವ ಬಡಪಾಯಿ ಗ್ರಾಹಕನ ಪರವಾಗಿ. ಬೆಂಗಳೂರಿನದೇ ಆದ ಓಲಾ ಎಲೆಕ್ಟ್ರಿಕ್ ಸಂಸ್ಥೆಯು 2021ರ ಡಿಸೆಂಬರಿನಲ್ಲಿ ಸ್ಕೂಟರುಗಳನ್ನು ಗ್ರಾಹಕರ ಕೈಗೆ ಕೊಡತೊಡಗಿ, ಪುಣೆಯಲ್ಲಿ ಒಂದು ಸ್ಕೂಟರಿಗೆ ಬೆಂಕಿ ಹತ್ತಿಕೊಂಡ ಮೇಲೆ 2022ರ ಏಪ್ರಿಲಿನಲ್ಲಿ 1,441 ಸ್ಕೂಟರುಗಳನ್ನು ತಪಾಸಣೆಗೆ ವಾಪಸು ಕರೆಯಿತು. 2023ರ ಮಾರ್ಚಿನಲ್ಲಿ ಮುಂದಿನ ಫೋರ್ಕನ್ನು ಉಚಿತವಾಗಿ ಬದಲಿಸಿಕೊಡುವುದಾಗಿ ಹೇಳಿತು. ಮೊದಲ ಸ್ಕೂಟರುಗಳು ಗ್ರಾಹಕರ ಕೈಸೇರಿದಂದಿನಿಂದ ಇದಕ್ಕೆ ಹದಿನೈದು ತಿಂಗಳು ಹಿಡಿಯಿತು. ಅಷ್ಟು ಕಾಲವೂ ಆ ಸ್ಕೂಟರುಗಳ ಮೇಲೆ ಕುಳಿತಿದ್ದವರು ನಮ್ಮ ಮನೆಗಳ ಮಕ್ಕಳೇ.

ಕಾನೂನು ಏನು ಹೇಳುತ್ತದೆ? 2012ರಲ್ಲಿ ವಾಹನ ತಯಾರಕರ ಒಕ್ಕೂಟವಾದ ಸಿಯಾಮ್ ಸ್ವಯಂಪ್ರೇರಿತ ರೀಕಾಲ್ ನೀತಿಯನ್ನು ತಂದಿತು. 2019ರಲ್ಲಿ ಮೋಟಾರು ವಾಹನಗಳ ಕಾಯ್ದೆಗೆ 110ಎ ಎಂಬ ಕಲಮು ಸೇರಿ, 2021ರ ಏಪ್ರಿಲ್ 1ರಿಂದ ಕಡ್ಡಾಯ ರೀಕಾಲಿನ ನಿಯಮಗಳು ಜಾರಿಗೆ ಬಂದವು. ಸುರಕ್ಷತೆಗೆ ಧಕ್ಕೆ ತರುವ ದೋಷಗಳಿಗೆ ಇದು ತಕ್ಕಮಟ್ಟಿನ ರಕ್ಷೆ. ಪ್ರಾಣಕ್ಕೆ ಅಪಾಯವಿಲ್ಲದೆ ಜೇಬಿಗೂ ನೆಮ್ಮದಿಗೂ ಅಪಾಯ ತರುವ ನೂರು ಬಗೆಯ ದೋಷಗಳಿಗೆ ಉಳಿದಿರುವುದು ಗ್ರಾಹಕ ಆಯೋಗವೊಂದೇ. 50 ಲಕ್ಷ ರೂಪಾಯಿಯವರೆಗಿನ ಬೆಲೆಯ ವಾಹನಕ್ಕೆ ಜಿಲ್ಲಾ ಆಯೋಗದಲ್ಲಿಯೇ, ತಕರಾರಿನ ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ಆದುದರಿಂದ ಪ್ರತಿಯೊಂದು ಜಾಬ್ ಕಾರ್ಡನ್ನೂ ಜೋಪಾನವಾಗಿ ತೆಗೆದಿರಿಸುವುದು, ದೂರನ್ನು ಬಾಯಿಮಾತಿನಲ್ಲಿ ಬಿಡದೆ ಅದರಲ್ಲಿ ಬರೆಯಿಸುವುದು ಮೊದಲ ವರ್ಷದ ಗ್ರಾಹಕನಿಗೆ ಅತ್ಯಗತ್ಯ.

ಇಷ್ಟು ಸಾಲದು. ನಮ್ಮಲ್ಲಿ ತಿದ್ದುಪಡಿಗಳು ಹೊಸ ವರ್ಷದ ಮಾದರಿಗಾಗಿ ಕಾಯುವುದಿಲ್ಲ. ಯಾವುದೋ ತಿಂಗಳು, ಸದ್ದಿಲ್ಲದೆ, ಒಂದು ಬುಷ್ಷಿನ ರಬ್ಬರೋ ಒಂದು ಪೈಪಿನ ಕ್ಲಿಪ್ಪೋ ಬದಲಾಗುತ್ತದೆ. ಮಾರ್ಚಿನಲ್ಲಿ ತಯಾರಾದ ಗಾಡಿಗೂ ಆಗಸ್ಟಿನಲ್ಲಿ ತಯಾರಾದ ಗಾಡಿಗೂ ಇರುವ ವ್ಯತ್ಯಾಸ ಕಂಪನಿಗೆ ಗೊತ್ತು, ಡೀಲರಿಗೆ ಗೊತ್ತು, ಹಣ ಕೊಟ್ಟವನಿಗೆ ಮಾತ್ರ ಗೊತ್ತಿಲ್ಲ. ಗಾಡಿಯ 17 ಅಕ್ಷರಾಂಕಗಳ ಚಾಸಿ ನಂಬರನ್ನೂ ಆರ್‌ಸಿಯಲ್ಲಿರುವ ತಯಾರಿಕೆಯ ತಿಂಗಳನ್ನೂ ಆಧಾರವಾಗಿಟ್ಟುಕೊಂಡು, ಯಾವ ಭಾಗ ಯಾವಾಗ ಏತಕ್ಕಾಗಿ ಬದಲಾಯಿತೆಂಬ ಪಟ್ಟಿಯನ್ನು ಪ್ರತಿಯೊಬ್ಬ ತಯಾರಕನೂ ಬಹಿರಂಗವಾಗಿ ಇಡಬೇಕೆಂದು ಸಾರಿಗೆ ಸಚಿವಾಲಯವು ನಿಯಮ ಮಾಡಬೇಕು. ದೋಷದ ಕಾರಣದಿಂದ ಬದಲಾದ ಭಾಗವನ್ನು, ವಾರಂಟಿಯ ಅವಧಿ ಮುಗಿದಿದ್ದರೂ, ಮೊದಲ ಹನ್ನೆರಡು ತಿಂಗಳ ಗಾಡಿಗಳಿಗೆಲ್ಲ ಉಚಿತವಾಗಿ ಜೋಡಿಸಿಕೊಡಬೇಕೆಂದೂ ಅದರಲ್ಲಿಯೇ ಸೇರಿಸಬೇಕು. ಪಟ್ಟಿಯು ಕನ್ನಡದಲ್ಲಿಯೂ ಇರಲಿ. ಗಾಡಿ ಎರಡನೆಯ ಕೈಗೆ ಹೋದಾಗ ಅದನ್ನು ಕೊಳ್ಳುವವರಿಗೂ ಅದು ನೋಡಸಿಗಲಿ.