ಹಗುರ ಗಣಕದಲ್ಲಿ ಕಡಲಾಚೆಯ ಧ್ವನಿ

ಭಟಕಳಕ್ಕೆ ಹತ್ತಿಕೊಂಡು ಸಮುದ್ರದ ಮಗ್ಗುಲಲ್ಲಿರುವ ಜಾಲಿಯಿಂದ ನಮ್ಮ ವಾಚಕರೊಬ್ಬರು ಬರೆದ ಕಾಗದವು ಈ ತಿಂಗಳ ವಿಚಾರಕ್ಕೆ ಕಾರಣವಾಗಿದೆ. ಅವರ ಮನೆಯಲ್ಲಿ ಹಳೆಯದೊಂದು ಕಂಪ್ಯೂಟರ್ ಉಂಟು. ವಿಂಡೋಸ್ ಅದರ ಮೇಲೆ ಆಮೆಯ ನಡಿಗೆಯಲ್ಲಿ ಸಾಗುತ್ತಿದ್ದುದರಿಂದ, ನೆಂಟರ ಹುಡುಗನೊಬ್ಬನು ಅದನ್ನು ತೆಗೆದು ಹಗುರವಾದೊಂದು ಲಿನಕ್ಸನ್ನು ಹಾಕಿಕೊಟ್ಟನಂತೆ. ಈಗ ಬರವಣಿಗೆ, ಲೆಕ್ಕಪತ್ರ, ಚಿತ್ರಗಳ ನೋಟ ಎಲ್ಲವೂ ಸುಸೂತ್ರವಾಗಿ ನಡೆದಿವೆ. ಆದರೆ ದುಬೈಯಲ್ಲಿರುವ ಮಗನೊಡನೆ ಮಾತನಾಡುವದಕ್ಕೆ ಮೊದಲಿದ್ದ ಸ್ಕೈಪ್ ಮಾತ್ರ ಬಾಯಿ ಬಿಡದು. ಹುಡುಗನ ತಾಯಿಗೆ ಕೈಫೋನಿನ ಚಿಕ್ಕ ಪರದೆಯಲ್ಲಿ ಮಗನ ಮುಖವು ಕಾಣದು, ಕಿವಿಯೂ ಮಂದ. ದೊಡ್ಡ ಪರದೆ, ದೊಡ್ಡ ಧ್ವನಿ ಇವೆರಡೂ ಆಕೆಗೆ ಬೇಕು. “ಈ ಯಂತ್ರವನ್ನು ಮಾತನಾಡಿಸುವ ಉಪಾಯವನ್ನು ತಿಳಿಸಬೇಕು” ಎಂದು ಕೇಳಿರುವರು.

ಇದು ಒಂದು ಮನೆಯ ಪ್ರಶ್ನೆಯೆಂದು ನಾವು ಎಣಿಸುವದಿಲ್ಲ. ಭಟಕಳ, ಹೊನ್ನಾವರ, ಕುಮಟೆಗಳ ಕರಾವಳಿಯಲ್ಲಿ ಒಬ್ಬನಾದರೂ ಕೊಲ್ಲಿ ದೇಶಗಳಲ್ಲಿ ದುಡಿಯದ ಕೇರಿಯನ್ನು ಹುಡುಕುವದು ಕಷ್ಟ. ಭಟಕಳದ ನವಾಯತರ ಮನೆಗಳಲ್ಲಂತೂ ಈ ಹೋಗುಬರುವಿಕೆಯು ಅರ್ಧ ಶತಮಾನದ ಸಂಗತಿ. ಮೊದಮೊದಲು ಕಾಗದವೇ ಗತಿ. ಅದಕ್ಕೆ ಉತ್ತರ ಬರುವಷ್ಟರಲ್ಲಿ ಹಡೆದ ಕೂಸು ನಗಲು ಕಲಿತಿರುತ್ತಿತ್ತು. ಬಳಿಕ ಕೆಲವರು ತಮ್ಮ ಮಾತನ್ನು ಕ್ಯಾಸೆಟ್ಟಿನಲ್ಲಿ ತುಂಬಿ, ಊರಿಗೆ ಬರುವವರ ಕೈಯಲ್ಲಿ ಕೊಟ್ಟು ಕಳಿಸಿದರು. ಅದರ ಮೇಲೆ ಐ.ಎಸ್.ಡಿ. ಬೂತುಗಳು ಬಂದವು. ಗಾಜಿನ ಪೆಟ್ಟಿಗೆಯೊಳಗೆ ನಿಂತು, ಓಡುವ ಕೆಂಪು ಅಂಕೆಗಳ ಮೇಲೆ ಒಂದು ಕಣ್ಣಿಟ್ಟು, ಹೇಳಬೇಕಾದ ಹತ್ತು ಮಾತುಗಳಲ್ಲಿ ಎಂಟನ್ನು ನುಂಗಿಕೊಂಡು ಬಂದ ತಾಯಂದಿರು ಇಂದಿಗೂ ನಮ್ಮಲ್ಲಿರುವರು. ನಮ್ಮ ದೇಶದಲ್ಲಿ ಅಂತರಜಾಲದ ಮೂಲಕ ಮಾತನಾಡುವದಕ್ಕೆ ಸರಕಾರದ ಒಪ್ಪಿಗೆ ದೊರೆತದ್ದು 2002ನೆಯ ಏಪ್ರಿಲ್ 1ರಂದು. ಮರುವರುಷ, 2003ರ ಆಗಸ್ಟಿನಲ್ಲಿ, ಸ್ಕೈಪ್ ಹುಟ್ಟಿತು. ಸ್ವೀಡನ್ನಿನ ನಿಕ್ಲಾಸ್ ಸೆನ್‌ಸ್ಟ್ರಮ್, ಡೆನ್ಮಾರ್ಕಿನ ಯಾನುಸ್ ಫ್ರಿಸ್ ಇವರಿಬ್ಬರ ಉದ್ಯಮಕ್ಕೆ ಎಸ್ಟೋನಿಯಾ ದೇಶದ ತರುಣರು ಬರೆದುಕೊಟ್ಟ ತಂತ್ರಾಂಶವಿದು. ಮಾತನ್ನು ಸೆಕೆಂಡಿನ ಐವತ್ತನೆಯ ಒಂದು ಭಾಗದಷ್ಟು ಸಣ್ಣ ತುಣುಕುಗಳಾಗಿ ಕತ್ತರಿಸಿ, ಅಂಕೆಗಳಾಗಿ ಮಾಡಿ ಜಾಲದೊಳಗೆ ಬಿಟ್ಟು, ಆಚೆಯ ದಡದಲ್ಲಿ ಮತ್ತೆ ಹೊಲಿಯುವದೇ ಇಂಥ ತಂತ್ರಾಂಶಗಳ ಕೆಲಸ. ಎರಡು ಕಂಪ್ಯೂಟರುಗಳ ನಡುವಿನ ಮಾತಿಗೆ ಮೀಟರಿಲ್ಲ. ಕರಾವಳಿಯ ಮನೆಗಳು ಇದನ್ನು ಅಪ್ಪಿಕೊಂಡುದರಲ್ಲಿ ಆಶ್ಚರ್ಯವೇನು?

ಆದರೆ ಜಾಲಿಯ ಗೃಹಸ್ಥರಿಗೆ ನಾವು ಮೊದಲು ಹೇಳಬೇಕಾದುದು ಕಹಿ ಸುದ್ದಿಯೇ. ಸ್ಕೈಪ್ ಈಗ ಇಲ್ಲ. ಅದನ್ನು 2011ರಲ್ಲಿ ಕೊಂಡ ಮೈಕ್ರೋಸಾಫ್ಟ್ ಕಂಪನಿಯು 2025ನೆಯ ಮೇ 5ರಂದು ಅದನ್ನು ಮುಚ್ಚಿತು. ಆದುದರಿಂದ ಆ ಹುಡುಗನ ಕೈಚಳಕದಲ್ಲಿ ಕೊರತೆಯಿಲ್ಲ. ಎಷ್ಟು ಹೆಣಗಿದರೂ ಅದು ಇನ್ನು ಮಾತನಾಡದು.

ಹಗುರ ಲಿನಕ್ಸಿನ ಮನೆಗಳಿಗೆ ಈ ಪೆಟ್ಟು ಹೊಸದಲ್ಲ. ಅದರ ಕಾರಣವನ್ನು ಸ್ವಲ್ಪ ವಿವರಿಸುವದು ಅವಶ್ಯ. ಲಿನಕ್ಸನ್ನು ಬರೆದವರು ತಮ್ಮ ಬರವಣಿಗೆಯನ್ನು ಬಿಚ್ಚಿಟ್ಟಿರುವರು. ಬಲ್ಲವನು ಅದನ್ನು ಓದಬಹುದು, ತಿದ್ದಬಹುದು, ಬೇಡವಾದುದನ್ನು ಕಿತ್ತು ಹಗುರ ಮಾಡಬಹುದು. ಪಪ್ಪಿ, ಆಂಟಿಎಕ್ಸ್, ಲುಬುಂಟು ಮುಂತಾದವು ಹೀಗೆಯೇ ಹುಟ್ಟಿದವು. ಸ್ಕೈಪಿನಂಥ ಒಡೆತನದ ತಂತ್ರಾಂಶವಾದರೋ ಬೀಗ ಹಾಕಿದ ಪೆಟ್ಟಿಗೆ. ಅದಕ್ಕೆ ಏನು ಬೇಕೋ ಅದನ್ನು ನಾವೇ ಒದಗಿಸಬೇಕಲ್ಲದೆ, ನಮಗೆ ತಕ್ಕಂತೆ ಅದನ್ನು ತಿದ್ದುವ ಹಾಗಿಲ್ಲ. ಲಿನಕ್ಸಿನಲ್ಲಿ ಧ್ವನಿಯ ತಳಪಾಯದ ಕೆಲಸವನ್ನು ಮಾಡುವದು ‘ಅಲ್ಸಾ’ ಎಂಬದು. ಅದರ ಮೇಲೆ ಕುಳಿತು, ಹಲವು ತಂತ್ರಾಂಶಗಳ ಸದ್ದನ್ನು ಬೆರೆಸಿ ಹಂಚುವದು ‘ಪಲ್ಸ್ ಆಡಿಯೋ’ ಎಂಬ ಮಧ್ಯಸ್ಥ. ತೂಕವನ್ನು ಕಡಿಮೆ ಮಾಡುವ ಸಲುವಾಗಿ ಹಲವು ಹಗುರ ಲಿನಕ್ಸುಗಳು ಈ ಮಧ್ಯಸ್ಥನನ್ನು ಕೈಬಿಟ್ಟಿದ್ದವು. 2014ನೆಯ ಜೂನಿನಲ್ಲಿ ಹೊರಟ ಸ್ಕೈಪ್ 4.3ನೆಯ ಆವೃತ್ತಿಯು ‘ಪಲ್ಸ್ ಆಡಿಯೋ ಇದ್ದರೆ ಮಾತ್ರ ಮಾತು’ ಎಂದು ಹಟ ಹಿಡಿಯಿತು. ಅಂದಿನಿಂದ ಎಷ್ಟೋ ಹಳೆಯ ಯಂತ್ರಗಳಲ್ಲಿ ಮುಖ ಕಂಡಿತು, ಸದ್ದಡಗಿತು. ಹೊರಗಿನವರೊಬ್ಬರು ‘ಎಪಲ್ಸ್’ ಎಂಬ ಚಿಕ್ಕ ತಂತ್ರಾಂಶವನ್ನು ಬರೆದು, ಮಧ್ಯಸ್ಥನಿಲ್ಲದಿದ್ದರೂ ಇರುವಂತೆ ನಟಿಸಿ, ಸ್ಕೈಪಿನ ಬಾಯಿ ಬಿಡಿಸಿದರು. ಬೀಗದ ಪೆಟ್ಟಿಗೆಯನ್ನು ಹೊರಗಿನಿಂದ ಹೀಗೆ ಒಲಿಸಿಕೊಂಡವರ ಜಾಣ್ಮೆಯನ್ನು ನಾವು ಮೆಚ್ಚುತ್ತೇವೆ. ಆದರೆ ಆ ಜಾಣ್ಮೆಯ ಫಲವು ಮೂರೇ ವರುಷದ್ದು. 2017ನೆಯ ಜುಲೈಯಲ್ಲಿ ಆ ಆವೃತ್ತಿಯ ಸೇವೆಯನ್ನೇ ನಿಲ್ಲಿಸಲಾಯಿತು. ಅದರ ಸ್ಥಾನಕ್ಕೆ ಬಂದುದು, ಹೊಟ್ಟೆಯಲ್ಲಿ ಇಡಿಯ ಬ್ರೌಸರನ್ನೇ ಹೊತ್ತ ಭಾರದ ತಂತ್ರಾಂಶ. ಹಳೆಯ ಯಂತ್ರಗಳು ಅದರಡಿಯಲ್ಲಿ ಏದುಸಿರು ಬಿಟ್ಟವು. ಕೊನೆಗೆ 2025ರಲ್ಲಿ ಅದೂ ಹೋಯಿತು.

ಹಾಗಾದರೆ ಇಂದು ಮಾಡತಕ್ಕದ್ದೇನು? ಎಲ್ಲರೂ ತಮ್ಮ ಯಂತ್ರವನ್ನು ನೋಡಿ ತಂತ್ರಾಂಶವನ್ನು ಆರಿಸುವರು. ಮೊದಲು ನೋಡಬೇಕಾದುದು ಆಚೆಯವನು ಯಾವ ದೇಶದಲ್ಲಿರುವನು ಎಂಬದನ್ನೇ ಎಂದು ನಮ್ಮ ಮತ. ಸೌದಿ ಅರೇಬಿಯವು ಅಂತರಜಾಲದ ಕರೆಗಳ ಮೇಲಿದ್ದ ತಡೆಯನ್ನು 2017ನೆಯ ಸಪ್ಟಂಬರಿನಲ್ಲಿ ತೆಗೆಯಿತು. ದುಬೈ, ಅಬುಧಾಬಿಗಳು ಸೇರಿದ ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ ಹಾಗಲ್ಲ. ಅಲ್ಲಿ ಪರವಾನಗಿಯಿಲ್ಲದ ತಂತ್ರಾಂಶಗಳ ಕರೆಗಳಿಗೆ ತಡೆಯುಂಟು. ಅಲ್ಲಿ ಸ್ಕೈಪಿನ ಕರೆಗಳು ಕಂಪನಿಯು ಅದನ್ನು ಮುಚ್ಚುವ ಎಷ್ಟೋ ಮುಂಚೆಯೇ, 2017ರ ಕೊನೆಯ ಹೊತ್ತಿಗೇ ನಿಂತಿದ್ದವು. 2020ನೆಯ ಮಾರ್ಚಿಯಲ್ಲಿ, ಕೋವಿಡ್ ಮಹಾಮಾರಿಯ ದಿನಗಳಲ್ಲಿ, ಜೂಮ್, ಮೈಕ್ರೋಸಾಫ್ಟ್ ಟೀಮ್ಸ್ ಮೊದಲಾದ ಕೆಲವಕ್ಕೆ ಅಲ್ಲಿಯ ಸರಕಾರವು ಅನುಮತಿಯನ್ನಿತ್ತಿತು. ಅನುಮತಿಯ ಪಟ್ಟಿಯು ಬದಲಾಗತಕ್ಕದ್ದಾದುದರಿಂದ, ಮಗನೇ ಅಲ್ಲಿ ವಿಚಾರಿಸಿ ಹೇಳುವದು ಲೇಸು.

ಇಲ್ಲಿ ಮನೆಯ ಹಿರಿಯರಿಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ತಡೆಯನ್ನು ದಾಟುವದಕ್ಕೆ ವಿ.ಪಿ.ಎನ್. ಎಂಬ ಮರೆಯ ದಾರಿಯನ್ನು ಹಿಡಿಯುವವರುಂಟು. ಜಾಲದ ಮೇಲಿನ ವಿಳಾಸವನ್ನು ಮರೆಮಾಚಿ ಅಪರಾಧವನ್ನೆಸಗಿದರೆ ಐದು ಲಕ್ಷದಿಂದ ಇಪ್ಪತ್ತು ಲಕ್ಷ ದಿರ್ಹಮಿನವರೆಗೆ ದಂಡ, ಸೆರೆವಾಸ, ಅಥವಾ ಎರಡೂ ಎಂದು ಆ ದೇಶದ ಸೈಬರ್ ಅಪರಾಧಗಳ ಕಾಯಿದೆಯು 2016ರ ತಿದ್ದುಪಡಿಯಲ್ಲಿಯೂ 2021ರ ಹೊಸ ರೂಪದಲ್ಲಿಯೂ ವಿಧಿಸಿದೆ. ವಿ.ಪಿ.ಎನ್. ತಾನಾಗಿ ಅಪರಾಧವಲ್ಲವೆಂದು ವಾದಿಸುವವರ ಮಾತು ನಿಜವಿರಬಹುದು. ತಡೆದ ಕರೆಗೆ ಅದನ್ನು ಬಳಸಿದಾಗ ಆ ವಾದವನ್ನು ನ್ಯಾಯಾಲಯದ ಮುಂದೆ ಮಂಡಿಸುವ ಪ್ರಸಂಗವು ಯಾರಿಗೆ ಬೇಕು? ಸಂಬಳದ ಮೇಲೆ ಸಂಸಾರವನ್ನು ನಡೆಸುವ ಹುಡುಗನಿಗೆ “ಹೇಗಾದರೂ ಮಾಡಿ ಕರೆ ಮಾಡು” ಎಂದು ಊರಿನಿಂದ ಒತ್ತಾಯಿಸುವವರು ಇದನ್ನು ಅರಿತಿರಬೇಕು.

ಆಚೆಯ ದಡವು ನಿಶ್ಚಯವಾದ ಮೇಲೆ ನಮ್ಮ ಯಂತ್ರದ ಕಡೆಗೆ ತಿರುಗೋಣ. ಲಿನಕ್ಸಿನಲ್ಲಿ ‘ಟರ್ಮಿನಲ್’ ಎಂಬ ಕಪ್ಪು ಕಿಟಕಿಯನ್ನು ತೆರೆದು, ಎಲ್, ಎಸ್, ಸಿ, ಪಿ, ಯು ಎಂಬ ಐದು ಚಿಕ್ಕ ಇಂಗ್ಲಿಷ್ ಅಕ್ಷರಗಳನ್ನು ನಡುವೆ ಜಾಗ ಬಿಡದೆ ಬರೆದು ಎಂಟರ್ ಕೀಲಿಯನ್ನೊತ್ತಿರಿ. ಬರುವ ಪಟ್ಟಿಯ ಮೊದಲ ಸಾಲು, ಈಗ ಹಾಕಿರುವ ಲಿನಕ್ಸು ಯಾವ ಬಗೆಯದೆಂಬದನ್ನು ತೋರಿಸುವದು. ಅದರ ಕೆಳಗಿನ ಸಾಲು, ಯಂತ್ರದ ಯೋಗ್ಯತೆಯನ್ನು. ಕೆಳಗಿನ ಸಾಲಿನಲ್ಲಿ 32 ಬಿಟ್, 64 ಬಿಟ್ ಎರಡೂ ಇದ್ದು, ಮೊದಲ ಸಾಲಿನ ಕೊನೆಯಲ್ಲಿ 64 ಇಲ್ಲದಿದ್ದರೆ, ಸಮರ್ಥವಾದ ಯಂತ್ರಕ್ಕೆ ಚಿಕ್ಕ ಅಂಗಿಯನ್ನು ತೊಡಿಸಿದಂತಾಯಿತು. ‘ಹಳೆಯ ಯಂತ್ರವಲ್ಲವೇ’ ಎಂದು 32ರದನ್ನು ಹಾಕುವವರು ಬಹಳ. ಅದನ್ನು ತೆಗೆದು 64 ಬಿಟ್ಟಿನ ಹಗುರ ಲಿನಕ್ಸನ್ನೇ ಹಾಕಿಸಿರಿ. ಹಾಕಿಸುವ ಮೊದಲು ಮನೆಯ ಚಿತ್ರಗಳನ್ನೂ ಕಾಗದಪತ್ರಗಳನ್ನೂ ಬೇರೊಂದು ಕಡೆ ನಕಲು ಮಾಡಿಕೊಳ್ಳಿರಿ. ನೆನಪಿನ ಶಕ್ತಿ 2 ಜಿ.ಬಿ. ಇದ್ದರೆ ಹೇಗೋ ನಡೆದೀತು, 4 ಇದ್ದರೆ ನೆಮ್ಮದಿ.

ಯಂತ್ರವೇ 32ರದಾಗಿದ್ದರೆ ಅದಕ್ಕಾಗಿ ಹಣವನ್ನು ಸುರಿಯಬೇಡಿರಿ. ಕ್ರೋಮ್ ಬ್ರೌಸರು ಅಂಥ ಲಿನಕ್ಸನ್ನು 2016ರಲ್ಲಿಯೇ ಬಿಟ್ಟಿತು. ಹಗುರ ಲಿನಕ್ಸುಗಳಲ್ಲಿ ಹಲವಕ್ಕೆ ತಾಯಿಬೇರಾದ ಡೆಬಿಯನ್, 2025ನೆಯ ಆಗಸ್ಟಿನಲ್ಲಿ ಹೊರಟ ತನ್ನ 13ನೆಯ ಆವೃತ್ತಿಯಿಂದ 32 ಬಿಟ್ಟಿನ ಹಳೆಯ ಯಂತ್ರಗಳಿಗೆ ಸ್ಥಾಪನೆಯ ಪ್ರತಿಯನ್ನು ಕೊಡುವದನ್ನು ನಿಲ್ಲಿಸಿತು. ಅದನ್ನು ಬರವಣಿಗೆಗೆ ಇಟ್ಟುಕೊಂಡು, ಮಾತಿಗೆ ಬಳಸಿದ್ದೊಂದು 64ರ ಯಂತ್ರವನ್ನು ಕೊಳ್ಳುವದೇ ಮಿತವ್ಯಯ.

ಜೂಮ್ ಕಂಪನಿಯು 64 ಬಿಟ್ಟಿನ ಲಿನಕ್ಸಿಗಾಗಿ ತನ್ನ ತಂತ್ರಾಂಶವನ್ನು ಕೊಡುವದು. ಉಬುಂಟು, ಡೆಬಿಯನ್ ಸಂತತಿಯವರು ‘ಡೆಬ್’ ಎಂದು ಕೊನೆಗೊಳ್ಳುವ ಕಡತವನ್ನು ಕಂಪನಿಯ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಬೇಕು. ಬೇರೆಯವರ ತಾಣದಿಂದ ತಂದುದು ಬೇಡ. ಹಣ ಕೊಡದವರಿಗೆ ಅದು 40 ನಿಮಿಷಕ್ಕೆ ಮಾತನ್ನು ಕಡಿಯುವದು. 2022ರಿಂದ ಇಬ್ಬರ ನಡುವಿನ ಕರೆಗೂ ಇದೇ ನಿಯಮ. ಕಡಿದ ಮೇಲೆ ಮತ್ತೆ ಕೂಡಿಸಿಕೊಳ್ಳಬಹುದು, ಆದರೆ ತಾಯಿಗೆ ಇದನ್ನು ಮೊದಲೇ ತಿಳಿಸಿರಬೇಕು. ಇಲ್ಲವಾದರೆ ಅತ್ತ ಏನಾಯಿತೋ ಎಂದು ಆಕೆ ಗಾಬರಿಯಾಗುವಳು. ಟೀಮ್ಸ್ ಲಿನಕ್ಸಿಗಾಗಿ ಇಟ್ಟಿದ್ದ ಬೇರೆ ತಂತ್ರಾಂಶವು 2022ರ ಡಿಸೆಂಬರಿನಲ್ಲಿ ನಿಂತುಹೋಯಿತು; ಈಗ ಅದು ಬ್ರೌಸರಿನೊಳಗೆ ನಡೆಯುವದು. ಸ್ಕೈಪಿನ ಹಳೆಯ ಹೆಸರು, ಗುಪ್ತಪದಗಳಿಂದಲೇ ಅದರೊಳಗೆ ಹೋಗಬಹುದಾದುದು ಈ ಗೃಹಸ್ಥರಿಗೊಂದು ಅನುಕೂಲ. ನಮ್ಮನ್ನು ಕೇಳಿದರೆ ಹಳೆಯ ಯಂತ್ರಕ್ಕೆ ಬ್ರೌಸರಿನ ದಾರಿಯೇ ಮೇಲು. ಹೇಗೂ ಬ್ರೌಸರು ಮನೆಯಲ್ಲಿ ಬೇಕೇ ಬೇಕು. ಒಂದೇ ಭಾರವನ್ನು ಎರಡು ಸಾರಿ ಹೊರಿಸುವದೇಕೆ? ಮಾತಿನ ಹೊತ್ತಿನಲ್ಲಿ ಉಳಿದ ಪುಟಗಳನ್ನೆಲ್ಲ ಮುಚ್ಚಿರಬೇಕು. ಆಚೆಯ ದೇಶದಲ್ಲಿ ತಡೆಯಿಲ್ಲದವರು ‘ಜಿಟ್ಸಿ ಮೀಟ್’ ಎಂಬ ಮುಕ್ತ ತಂತ್ರಾಂಶವನ್ನೂ ಇದೇ ಬ್ರೌಸರಿನಲ್ಲಿ ಬಳಸಬಹುದು.

ಇನ್ನು ಉಳಿದುದು ಧ್ವನಿ. ನಮಗೆ ಬರುವ ಕಾಗದಗಳಲ್ಲಿ ‘ಮುಖ ಕಾಣುವದು, ಮಾತು ಕೇಳದು’ ಎಂಬ ದೂರೇ ಹೆಚ್ಚು. ಮೊದಲು ಕಣ್ಣಿಗೆ ಕಾಣುವದನ್ನು ನೋಡಿರಿ. ಜಾಲಿಯಂಥ ಊರಿನಲ್ಲಿ ಉಪ್ಪುಗಾಳಿ ಮತ್ತು ಮಳೆಗಾಲದ ತೇವಗಳಿಂದ ಹೆಡ್‌ಫೋನಿನ ಮೊಳೆಗೂ ಅದರ ತೂತಿಗೂ ಕಿಲುಬು ಹಿಡಿಯುವದುಂಟು. ಯಂತ್ರವನ್ನು ಆರಿಸಿ, ಮೊಳೆಯನ್ನು ಒಣಬಟ್ಟೆಯಿಂದ ಒರಸಿ, ಹತ್ತು ಸಾರಿ ಚುಚ್ಚಿ ತೆಗೆದರೆ ಎಷ್ಟೋ ವೇಳೆ ‘ಕೆಟ್ಟ’ ಯಂತ್ರವು ಸರಿಹೋಗುವದು. ಎರಡನೆಯದಾಗಿ, ಹಳೆಯ ಕಂಪ್ಯೂಟರುಗಳಲ್ಲಿ ಕೇಳುವದಕ್ಕೊಂದು, ಮಾತಿಗೊಂದು ಹೀಗೆ ಎರಡು ತೂತುಗಳಿರುವವು. ಇಂದಿನ ಕೈಫೋನಿನ ಹೆಡ್‌ಫೋನಿಗೆ ಎರಡೂ ಕೂಡಿದ ಒಂದೇ ಮೊಳೆ. ಅದನ್ನು ಹಸಿರು ತೂತಿಗೆ ಚುಚ್ಚಿದರೆ ಕೇಳುವದು, ಆದರೆ ಮಾತು ಹೋಗದು. ಒಂದನ್ನು ಎರಡಾಗಿ ಸೀಳುವ ಚಿಕ್ಕ ತಂತಿಯನ್ನು ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಯಲ್ಲಿ ಕೇಳಿರಿ, ಯು.ಎಸ್.ಬಿ.ಯ ಹೆಡ್‌ಫೋನಾದರೆ ಈ ತಾಪತ್ರಯವೇ ಇಲ್ಲ.

ಆ ಮೇಲೆ ಅದೇ ಟರ್ಮಿನಲ್ಲಿನಲ್ಲಿ ‘ಅಲ್ಸಾಮಿಕ್ಸರ್’ ಎಂದು ಇಂಗ್ಲಿಷಿನಲ್ಲಿ ಬರೆದು ತೆರೆಯಬೇಕು. ನಿಂತ ಕಂಬಗಳ ಸಾಲು ಕಾಣುವದು. ಕಂಬದ ಬುಡದಲ್ಲಿ ಎಮ್ ಅಕ್ಷರ ಎರಡು ಸಾರಿ ಇದ್ದರೆ ಅದರ ಬಾಯಿ ಮುಚ್ಚಿದೆಯೆಂದರ್ಥ. ಎಮ್ ಕೀಲಿಯನ್ನು ಒತ್ತಿ ತೆರೆಯಿರಿ. ಎಫ್ 4 ಒತ್ತಿದರೆ ಮೈಕಿನ ಕಡೆಯ ಕಂಬಗಳು ಬರುವವು; ಅಲ್ಲಿ ‘ಕ್ಯಾಪ್ಚರ್’ ಎಂಬದನ್ನು ಸ್ಪೇಸ್ ಕೀಲಿಯಿಂದ ಎಬ್ಬಿಸಬೇಕು. ಕಂಬಗಳೇ ಬೇರೆ ಯಾವುದೋ ಯಂತ್ರದವಾಗಿ ಕಂಡರೆ ಎಫ್ 6 ಒತ್ತಿ ಸರಿಯಾದ ಧ್ವನಿಪಟ್ಟಿಯನ್ನು ಆರಿಸಿರಿ. ದೂರದರ್ಶನದ ಪೆಟ್ಟಿಗೆಗೆ ಜೋಡಿಸುವ ಎಚ್.ಡಿ.ಎಮ್.ಐ. ದಾರಿಯನ್ನೇ ಯಂತ್ರವು ಮೊದಲನೆಯದೆಂದು ಹಿಡಿದಿರುವದು ಸಾಮಾನ್ಯ. ಆಗ ಸದ್ದೆಲ್ಲ ಯಾರೂ ಇಲ್ಲದ ಕಡೆಗೆ ಹರಿಯುವದು. ಪಲ್ಸ್ ಆಡಿಯೋ, ಅಥವಾ ಹೊಸ ಲಿನಕ್ಸುಗಳಲ್ಲಿ ಅದರ ಸ್ಥಾನಕ್ಕೆ ಬಂದ ‘ಪೈಪ್‌ವಯರ್’ ಇದ್ದಲ್ಲಿ, ‘ಪಾವು ಕಂಟ್ರೋಲ್’ ಎಂಬ ಚಿಕ್ಕ ತಂತ್ರಾಂಶವನ್ನು ಹಾಕಿಸಿಕೊಂಡರೆ ಇವನ್ನೆಲ್ಲ ಇಲಿಯಿಂದಲೇ ತಿದ್ದಬಹುದು. ಆದರೆ ಅದರ ‘ರೆಕಾರ್ಡಿಂಗ್’ ಪುಟದಲ್ಲಿ ಜೂಮಿನ ಅಥವಾ ಬ್ರೌಸರಿನ ಹೆಸರು ಕಾಣುವದು ಕರೆಯು ನಡೆದಿರುವಾಗ ಮಾತ್ರ. ಕರೆಯಿಲ್ಲದಾಗ ತೆರೆದು, ಏನೂ ಇಲ್ಲವೆಂದು ನಿರಾಶರಾಗಿ ಮುಚ್ಚಿದವರು ಎಷ್ಟೋ ಜನ. ಬ್ರೌಸರು ಮೊದಲ ಸಾರಿ ‘ಮೈಕನ್ನು ಬಳಸಲೇ?’ ಎಂದು ಕೇಳಿದಾಗ ಅವಸರದಲ್ಲಿ ಬೇಡವೆಂದಿದ್ದರೆ, ವಿಳಾಸದ ಪಟ್ಟಿಯ ಎಡತುದಿಯ ಗುರುತನ್ನು ಒತ್ತಿ ಅದನ್ನು ಬದಲಿಸಬೇಕು.

ಈ ತಪಾಸಣೆಯನ್ನೆಲ್ಲ ಮಗನೊಡನೆ ಮಾಡಹೋಗಬೇಡಿರಿ. ದುಬೈಯ ಗಡಿಯಾರವು ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ, ದುಡಿದು ಬಂದವನ ರಾತ್ರಿಯ ಅರ್ಧ ಗಂಟೆಯು “ಕೇಳಿಸುತ್ತಿದೆಯೇ? ಈಗ ಕೇಳಿಸುತ್ತಿದೆಯೇ?” ಎಂಬದರಲ್ಲಿಯೇ ಕಳೆಯಬಾರದು. ಜೂಮಿನಲ್ಲಿ ಒಬ್ಬರೇ ಕುಳಿತು ಸ್ಪೀಕರು, ಮೈಕುಗಳನ್ನು ಪರೀಕ್ಷಿಸುವ ಏರ್ಪಾಡು ಉಂಟು. ಇಲ್ಲವೆ ಪಕ್ಕದ ಮನೆಯ ಹುಡುಗಿಯ ಕೈಫೋನಿಗೆ ಕರೆ ಮಾಡಿ ಹಗಲಿನಲ್ಲಿಯೇ ನೋಡಿಕೊಳ್ಳಿರಿ. ಕಿವಿ ಮಂದವಾದ ತಾಯಿಗಾಗಿ ದೊಡ್ಡ ಸ್ಪೀಕರನ್ನು ಇಟ್ಟರೆ, ಮಗನ ಮಾತು ಅದರಿಂದ ಹೊರಟು ಮೈಕಿನೊಳಗೆ ಮರಳಿ ಹೊಕ್ಕು, ಅವನಿಗೆ ಅವನದೇ ಮಾತು ಕೇಳಬಹುದು. ಅದಕ್ಕೆ ಸ್ಪೀಕರನ್ನು ಮೈಕಿನಿಂದ ದೂರ, ಅದರ ಬೆನ್ನಿನ ಕಡೆಗೆ ಇಡಬೇಕು. ಅದರಿಂದಲೂ ನಿಲ್ಲದಿದ್ದರೆ, ಎರಡೂ ಕಿವಿಗಳನ್ನು ಮುಚ್ಚುವ ದೊಡ್ಡ ಹೆಡ್‌ಫೋನನ್ನೇ ತಾಯಿಗೆ ತೊಡಿಸಿ, ಮೈಕನ್ನು ಬಾಯಿಯಿಂದ ನಾಲ್ಕು ಬೆರಳು ದೂರದಲ್ಲಿ ಇಡಿರಿ.