ಪಿಂಗ್ ಅಂದ್ರೆ 'ಇದ್ದೀರಾ?' ಅಂತ

"ಲಂಚ್ ಆದ್ಮೇಲೆ ಪಿಂಗ್ ಮಾಡ್ತೀನಿ." ಐಟಿ ಆಫೀಸುಗಳಲ್ಲಿ ದಿನಕ್ಕೆ ಹತ್ತು ಸಲ ಕಿವಿಗೆ ಬೀಳೋ ಮಾತಿದು. ಚಾಟು, ಮೇಲು, ವಾಟ್ಸಾಪು ಎಲ್ಲಕ್ಕೂ ಈಗ ಒಂದೇ ಪದ. ಅದು ಎಲ್ಲಿಂದ ಬಂತು ಗೊತ್ತಾ?

ಪಿಂಗ್ ಮೂಲದಲ್ಲಿ ಬರೀ ಸದ್ದು. ಹೈಸ್ಕೂಲಿನಲ್ಲಿ ಅನುಕರಣಾವ್ಯಯ ಅಂತ ಓದಿದ್ವಲ್ಲ, ಪಟಪಟ, ಧಗಧಗ, ಅದೇ ಜಾತಿ. 19ನೇ ಶತಮಾನದ ಇಂಗ್ಲಿಷಿನಲ್ಲಿ ಇದು ಬಂದೂಕಿನ ಗುಂಡಿನ ಸದ್ದು. ಎರಡನೇ ಮಹಾಯುದ್ಧದ ಹೊತ್ತಿಗೆ ಸೋನಾರ್‌ನ ಸದ್ದಾಯಿತು. ಹಡಗು ನೀರೊಳಗೆ ಒಂದು 'ಪಿಂಗ್' ಕಳಿಸುತ್ತೆ. ಅದು ಸಬ್‌ಮರೀನ್‌ಗೆ ಬಡಿದು ವಾಪಸ್ ಬರೋಕೆ ಹಿಡಿದ ಸಮಯದಿಂದ ದೂರ ಎಷ್ಟು ಅಂತ ಲೆಕ್ಕ ಹಾಕ್ತಾರೆ.

1983ರ ಡಿಸೆಂಬರ್‌ನಲ್ಲಿ ಅಮೆರಿಕ ಸೇನೆಯ ಬ್ಯಾಲಿಸ್ಟಿಕ್ ರಿಸರ್ಚ್ ಲ್ಯಾಬೊರೇಟರಿಯ ಮೈಕ್ ಮೂಸ್, ತಮ್ಮ ನೆಟ್‌ವರ್ಕ್ ಕೈಕೊಡ್ತಿದ್ದಾಗ ತೊಂದರೆ ಹುಡುಕೋಕೆ ಒಂದು ಪುಟ್ಟ ಪ್ರೋಗ್ರಾಂ ಬರೆದರು. ಇನ್ನೊಂದು ಕಂಪ್ಯೂಟರ್‌ಗೆ ಚಿಕ್ಕ ಪ್ಯಾಕೆಟ್ ಕಳಿಸಿ, ಅದು ವಾಪಸ್ ಬರುತ್ತಾ ನೋಡೋದು, ಅಷ್ಟೇ. ಹೆಸರು ಪಿಂಗ್. ಇದು ಯಾವುದೋ ಉದ್ದ ಹೆಸರಿನ ಶಾರ್ಟ್ ಫಾರ್ಮ್ ಅಂತ ಹೇಳೋರಿದ್ದಾರೆ. ಆದರೆ ಸೋನಾರ್ ಸದ್ದು ನೆನೆದೇ ಈ ಹೆಸರಿಟ್ಟೆ ಅಂತ ಮೂಸ್ ಅವರೇ ಬರೆದಿದ್ದಾರೆ.

ಈ ಪಿಂಗ್ ಯಾವ ಕೆಲಸವನ್ನೂ ಕೇಳಲ್ಲ, ಗಮನಿಸಿ. ವಿಂಡೋಸ್‌ನಲ್ಲಾದರೆ ಬರೀ 32 ಬೈಟ್ ಡೇಟಾ. ಕೇಳೋದು ಒಂದೇ: ಇದ್ದೀಯಾ?

ನಮ್ಮಲ್ಲೂ ಇಂಥದ್ದೊಂದು ಇತ್ತಲ್ಲ, ಮಿಸ್ಡ್ ಕಾಲ್! "ತಲುಪಿದ ಮೇಲೆ ಒಂದು ಮಿಸ್ಡ್ ಕಾಲ್ ಕೊಡು" ಅಂತ ಅಮ್ಮಂದಿರು ಬಸ್ ಹತ್ತಿಸ್ತಿದ್ರು. ಮಾತಿಲ್ಲ, ಖರ್ಚಿಲ್ಲ. ಎರಡು ರಿಂಗ್ ಆದರೆ ಮನೆಯವರಿಗೆ ನಿದ್ದೆ ಬರ್ತಿತ್ತು.

ಈಗ ಪಿಂಗ್ ಅಂದ್ರೆ ರಾತ್ರಿ ಒಂಬತ್ತೂವರೆಗೆ ಬರೋ 'ಹಾಯ್'. ಹಿಂದೆ ಏನೋ ಕೆಲಸ ಇದೆ, ಏನು ಅಂತ ಹೇಳಲ್ಲ. ವಿಂಡೋಸ್ ನಾಲ್ಕು ಸಲ ಪಿಂಗ್ ಮಾಡಿ ಸುಮ್ಮನಾಗುತ್ತೆ, ಲಿನಕ್ಸ್ ನಾವೇ ನಿಲ್ಲಿಸೋವರೆಗೂ ಬಿಡಲ್ಲ. ಕೆಲವು ಮ್ಯಾನೇಜರ್‌ಗಳು ಲಿನಕ್ಸ್ ಜಾತಿ. ಕೆಲಸ ಇದ್ದರೆ ವಿಷಯ ಪೂರ್ತಿ ಬರೆದು ಕಳಿಸೋಣ. ಉತ್ತರಿಸೋರು ಅವರ ಟೈಮಿಗೆ ಉತ್ತರಿಸ್ತಾರೆ.

ಇನ್ನೊಂದು ಮಾತು. 'ರಿಕ್ವೆಸ್ಟ್ ಟೈಮ್ಡ್ ಔಟ್' ಬಂದ ಕೂಡಲೇ ಸರ್ವರ್ ಸತ್ತಿದೆ ಅಂತ ನೆಟ್‌ವರ್ಕ್ ಕೆಲಸ ಗೊತ್ತಿರೋರು ಯಾರೂ ಹೇಳಲ್ಲ. ಮಧ್ಯೆ ಫೈರ್‌ವಾಲ್ ತಡೆದಿರಬಹುದು, ದಾರಿಯಲ್ಲಿ ಪ್ಯಾಕೆಟ್ ಕಳೆದಿರಬಹುದು. ಮನುಷ್ಯರ ವಿಷಯದಲ್ಲಿ ಮಾತ್ರ ನಮಗೆ ಈ ತಾಳ್ಮೆ ಇಲ್ಲ. ಒಂದು ಮೆಸೇಜಿಗೆ ರಿಪ್ಲೈ ಬರದಿದ್ದರೆ, "ಅವನಿಗೆ ಕೊಬ್ಬು" ಅಂತ ತೀರ್ಮಾನ ಮಾಡಿ, ಹತ್ತು ವರ್ಷದ ಗೆಳೆತನ ಅಲ್ಲಿಗೇ ಬಿಡ್ತೀವಿ. ಅವನ ಕೆಲಸ ಹೋಗಿರಬಹುದು, ಮನೆಯಲ್ಲಿ ಯಾರಿಗೋ ಹುಷಾರಿಲ್ಲದಿರಬಹುದು, ಸುಮ್ಮನೆ ಯಾರ ಹತ್ತಿರವೂ ಮಾತಾಡೋಕೆ ಮನಸ್ಸಿಲ್ಲದಿರಬಹುದು.

ನಿಮ್ಮ ಲಿಸ್ಟಿನಲ್ಲೂ ಹೀಗೆ ಸುಮ್ಮನಾದವರು ಒಬ್ಬರಾದರೂ ಇರ್ತಾರೆ. ಈ ವಾರ ಅವರಿಗೆ ಇನ್ನೊಂದು ಸಲ ಪಿಂಗ್ ಮಾಡಿ. ಕೆಲಸ ಬೇಡ, ಫಾರ್ವರ್ಡ್ ಬೇಡ. "ಹೇಗಿದ್ದೀಯೋ?" ಅಂದರೆ ಸಾಕು.